ನಿಂದರ್ರಿ ಅನ್ನಬಾರದು

ಕನ್ನಡದಲ್ಲಿ ‘ನಿಲ್ಲು’ ಎಂಬ ಮಾತಿಗೆ ಎರಡು ಅರ್ಥ. ನಡೆಯುತ್ತಿರುವವರಿಗೆ ಹೇಳಿದರೆ ಕಾಲು ನಿಲ್ಲುತ್ತದೆ, ಕೂತವರಿಗೆ ಹೇಳಿದರೆ ಎದ್ದು ನಿಲ್ಲುತ್ತಾರೆ. ನೆಲದ ಮೇಲೆ ಇದರಿಂದ ಯಾರಿಗೂ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ತೊಂದರೆ ಇರುವುದು ದೋಣಿಯಲ್ಲಿ. ಅಲ್ಲಿ ಮನುಷ್ಯ ಕೂತೂ ಇರುತ್ತಾನೆ, ಹೋಗುತ್ತಲೂ ಇರುತ್ತಾನೆ. ಅವನಿಗೆ ನಮ್ಮ ಕಡೆಯ ಮಾತಿನಲ್ಲಿ ‘ನಿಂದರ್ರಿ’, ‘ನಿಲ್ಲಿರಿ’, ಅಂದರೆ ಅವನು ಎರಡರಲ್ಲಿ ಯಾವುದನ್ನು ಮಾಡಬೇಕು?

ಈ ಪ್ರಶ್ನೆಯನ್ನು ನಾನು ಒಂದು ಮಳೆಗಾಲವಿಡೀ ಕೇಳಿದೆ. ಕೇಳಿ ಕೇಳಿ ನಮ್ಮ ಸಮಿತಿಯವರಿಗೆ ಬೇಸರ ಬರಿಸಿದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಒಂದಿಷ್ಟು ಮಂದಿ ಸೇರಿ ಕಡಲ ದಂಡೆಯಲ್ಲಿ ದೋಣಿ ಕೇಂದ್ರ ನಡೆಸುತ್ತೇವೆ ಅಂದರೆ ಕೇಳಿದವರು ನಗುತ್ತಾರೆ. ಮೊದಲು ಕೇಳಿದಾಗ ನಾನೂ ನಕ್ಕಿದ್ದೆ. ನಮ್ಮೂರುಗಳಿಂದ ಸಮುದ್ರಕ್ಕೆ ಹೋಗಬೇಕಾದರೆ ನಸುಕಿನಲ್ಲೇ ಟೆಂಪೋ ಹತ್ತಿ, ಹಾನಗಲ್ಲು, ಶಿರಸಿ ದಾಟಿ, ಘಟ್ಟ ಇಳಿಯಬೇಕು. ಇಳಿದರೆ ಹೊಳೆಯೊಂದು ಕಡಲು ಸೇರುವ ಅಳಿವೆ, ಅದರ ದಂಡೆಗೆ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ನಮ್ಮ ದೋಣಿಗಳು. ಊರೂರಿನ ಯುವಕ ಸಂಘ, ಯುವತಿ ಮಂಡಳಿಗಳ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹುಟ್ಟು ಹಾಕುವುದನ್ನು ಕಲಿಸುತ್ತೇವೆ. ಸಂಬಳದ ಆಳು ಒಬ್ಬರೂ ಇಲ್ಲ.

ಇದನ್ನು ಶುರು ಮಾಡಿದವರು ಬ್ಯಾಡಗಿಯ ನಿವೃತ್ತ ಪಿ.ಟಿ. ಮಾಸ್ತರು. ಶಾಲೆಯ ಪ್ರವಾಸಗಳಲ್ಲಿ ಅವರು ವರ್ಷವರ್ಷವೂ ಒಂದೇ ನೋಟ ಕಂಡಿದ್ದರಂತೆ: ನಮ್ಮ ಕಡೆಯ ಮಕ್ಕಳು ಸಮುದ್ರದ ಮುಂದೆ ನಿಂತು ಕಿರುಚುತ್ತವೆ, ಪಾದ ತೋಯಿಸಿಕೊಳ್ಳುತ್ತವೆ, ಐಸ್‌ಕ್ರೀಮು ತಿಂದು ಬಸ್ಸು ಹತ್ತುತ್ತವೆ. “ಅದು ಸಮುದ್ರ ನೋಡಿದಂಗ ಅಲ್ಲ, ಸಮುದ್ರಕ್ಕ ಹಾಜರಿ ಹಾಕಿದಂಗ,” ಎನ್ನುತ್ತಿದ್ದರು.

ನಾನು ಅವರಿಗೆ ಸಿಕ್ಕಿದ್ದು ಜಗಳದಲ್ಲಿ. ರಾಣೆಬೆನ್ನೂರಿನ ಒಂದು ಚರ್ಚಾಸ್ಪರ್ಧೆಯಲ್ಲಿ ಅವರು ತೀರ್ಪುಗಾರರು. ನನಗೆ ಎರಡನೇ ಬಹುಮಾನ ಕೊಟ್ಟರು. ಕಾರಣ ಕೇಳಲು ಹೋದೆ.

“ಗಂಟಿ ಹೊಡದ ಮ್ಯಾಲೂ ನೀ ನಿಂದರಲಿಲ್ಲವಾ,” ಅಂದರು.

“ನಾ ಮೊದಲಿಂದ ನಿಂತೇ ಇದ್ದೆನಲ್ರೀ ಸರ್.”

ಅವರು ನನ್ನನ್ನು ಒಂದು ಕ್ಷಣ ನೋಡಿ, “ಶನಿವಾರ ಬಾ. ದೋಣಿ ಒರಸೋದೈತಿ,” ಅಂದರು. ಅಂದಿನಿಂದ ನಾನು ಸಮಿತಿಯ ‘ವಿರೋಧ ಪಕ್ಷ’. ಅವರು ನನ್ನನ್ನು ಕರೆಯುವುದೂ ಹಾಗೆಯೇ.

ತಮಾಷೆಯ ಆ ಮಾತು ತಮಾಷೆಯಾಗಿ ಉಳಿಯಲಿಲ್ಲ. ಮರುವರ್ಷ, ಮಳೆಗಾಲಕ್ಕೆ ಕೇಂದ್ರ ಮುಚ್ಚುವ ಕೊನೆಯ ವಾರ, ಮೋಟೆಬೆನ್ನೂರಿನ ಹುಡುಗರ ದೋಣಿ ದಂಡೆಗೆ ಜೋರಾಗಿ ನುಗ್ಗಿ ಬರುತ್ತಿತ್ತು. ಮಾಸ್ತರು ಮೈಕು ಎತ್ತಿ, ಜೀವಮಾನವೆಲ್ಲ ಮೈದಾನದಲ್ಲಿ ಕೂಗಿದ ಹಾಗೆ, “ನಿಂದರ್ರೀ,” ಎಂದು ಕೂಗಿದರು. ಹುಡುಗರು ಶಿಸ್ತಿನವರು. ಇಡೀ ದೋಣಿ ಎದ್ದು ನಿಂತಿತು, ಮರುಕ್ಷಣ ಮಗುಚಿತು. ಅಲ್ಲಿ ಮೊಣಕಾಲುದ್ದ ನೀರು. ಎಲ್ಲರೂ ನಕ್ಕರು, ಬಿದ್ದವರೇ ಹೆಚ್ಚು ನಕ್ಕರು. ನಾನು ಅಳಿವೆಯ ಬಾಯಿಯ ಕಡೆ ನೋಡುತ್ತಿದ್ದೆ. ಅಲ್ಲಿ ನೀರಿನಡಿಯ ಮರಳ ದಿಬ್ಬದ ಮೇಲೆ ತೆರೆಗಳು ಬಿಳಿಯಾಗಿ ಒಡೆಯುತ್ತಿದ್ದವು. ಇದೇ ಮಾತು, ಇದೇ ಶಿಸ್ತು, ಅಲ್ಲಿ ಆಗಿದ್ದರೆ?

ಮಳೆಗಾಲದ ಸಭೆಗಳು ಬ್ಯಾಡಗಿಯಲ್ಲಿ, ಒಬ್ಬ ಸದಸ್ಯರ ಮೆಣಸಿನಕಾಯಿ ಅಂಗಡಿಯ ಅಟ್ಟದ ಮೇಲೆ ನಡೆಯುತ್ತವೆ. ಅಲ್ಲಿ ದೀರ್ಘ ಭಾಷಣ ಸಾಧ್ಯವಿಲ್ಲ. ಎರಡು ವಾಕ್ಯಕ್ಕೊಮ್ಮೆ ಯಾರಾದರೂ ಸೀನುತ್ತಾರೆ. ನಾನು ಮೂಗಿಗೆ ವೇಲು ಕಟ್ಟಿಕೊಂಡು ವಾದಿಸಿದೆ: ಆ ಪದವನ್ನು ನೀರಿನ ಹತ್ತಿರ ಯಾರೂ ಬಳಸಬಾರದು.

“ಇಡೀ ಜಿಲ್ಲಾನ ಹಂಗ ಮಾತಾಡ್ತೈತಿ,” ಎಂದರು ಮಾಸ್ತರು. “ನಿನ್ನ ಸಲುವಾಗಿ ಕನ್ನಡ ಬದಲ ಮಾಡೂಣೇನು?”

“ಜಿಲ್ಲಾ ದೋಣಿಯೊಳಗ ಕುಂತಿಲ್ರಿ ಸರ್.”

ರಾಣೆಬೆನ್ನೂರಿನ ಬಸ್ ಮೆಕ್ಯಾನಿಕ್ ಒಬ್ಬರು ‘ಹೋಲ್ಡಾನ್’ ಇರಲಿ ಅಂದರು. ಕಂಡಕ್ಟರ ಕೂಗುವ ಮಾತು, ಎಲ್ಲರಿಗೂ ಗೊತ್ತು. ಸಭೆಗೆ ಬಂದಿದ್ದ ಕಾಲೇಜು ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಪರೀಕ್ಷಿಸಿದೆವು. ‘ಹೋಲ್ಡಾನ್’ ಅಂದ ಕೂಡಲೇ ಅರ್ಧ ಮಕ್ಕಳು ಎದ್ದರು. ದಿನಾ ಬಸ್ಸಿಗೆ ಬರುವವರು, ಅವರ ಪಾಲಿಗೆ ಆ ಮಾತೆಂದರೆ ಇಳಿಯುವ ಹೊತ್ತು. ಇನ್ನೊಬ್ಬರು ಎತ್ತು ನಿಲ್ಲಿಸುವ ‘ಹೋ ಹೋ’ ಸೂಚಿಸಿದರು. “ಮಕ್ಕಳೇನು ಎತ್ತೇನ್ರಿ?” ಎಂದು ಮಾಸ್ತರು ಸಿಟ್ಟಾದರು. ನಾನು ‘ಒತ್ರಿ’ ಎಂದೆ. ಹುಟ್ಟನ್ನು ನೀರಿಗೆ ಒತ್ತಿ ಹಿಡಿದರೆ ದೋಣಿ ನಿಲ್ಲುತ್ತದೆ. ಮಾಡಬೇಕಾದ ಕೆಲಸವನ್ನೇ ಹೇಳುವ ಪದ. ನನಗೆ ಅದು ಗೆದ್ದ ವಾದವೆಂದೇ ಅನ್ನಿಸಿತ್ತು.

ಹಾವೇರಿಯ ಆಪಾ ತಲೆ ಅಲ್ಲಾಡಿಸಿದರು. ಆಪಾ ಅಂದರೆ ಅಕ್ಕ, ಎಲ್ಲರೂ ಹಾಗೆಯೇ ಕರೆಯುತ್ತೇವೆ; ಅವರು ಟೇಲರ್. ನಮ್ಮ ಕಾವಲು ದೋಣಿಯ ಇಂಜಿನು ನಡೆಸುವವರೂ ಅವರೇ. “ಗಾಳಿಯೊಳಗ ‘ಒತ್ರಿ’ ಅಂದ್ರ ‘ಎತ್ರಿ’ ಅಂತ ಕೇಳಸ್ತೈತಿ ಬೇಟಾ. ಹುಟ್ಟು ಎತ್ತಿ ಕುಂತ್ರಂದ್ರ ಮುಗೀತಲ್ಲ.”

ಒಂದು ತಾಸು ವಾದಿಸಿದೆ, ಸೋತೆ. ಕೊನೆಗೆ ಸಭೆ ಠರಾವು ಮಾಡಿತು: ‘ನಿಂದರ್ರಿ’ ನಿಷೇಧ. ಬದಲಿ ಪದ ಮುಂದಿನ ಸಭೆಯಲ್ಲಿ. ಮುಂದಿನ ಸಭೆಗೆ ದಸರೆ ಅಡ್ಡ ಬಂತು, ಅದರ ಮುಂದಿನದಕ್ಕೆ ದೀಪಾವಳಿ. ಕೇಂದ್ರ ತೆರೆಯಿತು. ಬ್ರೇಕು ಬಿಚ್ಚಿಟ್ಟು ಗಾಡಿ ಬಿಟ್ಟಿದ್ದೀರಿ ಎಂದು ನಾನು ಹೇಳಿದೆ. ‘ಬಿಚ್ಚಾಕ ಹಚ್ಚಿದವಳು ನೀನ’ ಎಂದು ಮಾಸ್ತರು ಹೇಳಿದರು. ನಿಷೇಧ ಸರಿಯಿತ್ತು ಎಂದು ನಾನು ಈಗಲೂ ಹೇಳುತ್ತೇನೆ.

ಸೀಟಿಯೂ ಉಪಯೋಗಕ್ಕಿರಲಿಲ್ಲ. ನಮ್ಮಲ್ಲಿ ಸೀಟಿ ಎಂದರೆ ತಾಳ. ಒಂದು ಸೀಟಿಗೆ ಒಂದು ಸಲ ಹುಟ್ಟು ಎಳೆಯಬೇಕು.

ಆ ವರ್ಷ ಕರ್ಜಗಿಯಿಂದ ಮೊದಲ ಸಲ ಹುಡುಗಿಯರ ತಂಡ ಬಂತು. ಹಾವೇರಿ ಹತ್ತಿರದ ಕೆರೆಯಲ್ಲಿ ಅವರಿಗೆ ಕಲಿಸಿದ್ದೆವು. ಕೆರೆಯಲ್ಲಿ ಹುಟ್ಟು ಬಿಟ್ಟರೆ ದೋಣಿ ತಾನೇ ನಿಲ್ಲುತ್ತದೆ. ನಿಲ್ಲಿಸುವ ಪದ ಇಲ್ಲ ಎಂಬುದು ಅಲ್ಲಿ ಗೊತ್ತೇ ಆಗಲಿಲ್ಲ. ಈಗ ಅಳಿವೆಯಲ್ಲಿ ಪರೀಕ್ಷೆ: ಜೊತೆಗೆ ಸ್ವಯಂಸೇವಕರಿಲ್ಲದೆ ಕೆಂಪು ಬಟ್ಟೆ ಕಟ್ಟಿ ನೀರಿನಲ್ಲಿ ನೆಟ್ಟ ಗಳದವರೆಗೆ ಹುಟ್ಟು ಹಾಕಿ ಹೋಗಬೇಕು, ತಿರುಗಿಸಿಕೊಂಡು ಬರಬೇಕು. ಮಾಡಿದರೆ ಬೇಸಿಗೆಯ ಶಿಬಿರಕ್ಕೆ ಸೇರ್ಪಡೆ. ಆದರೆ ಪಾಸು ಮಾಡಬೇಕಾದವರು ನಾವಲ್ಲ. ತಂಡದ ಒಬ್ಬಳ ಚಿಕ್ಕಮ್ಮ, ಎಲ್ಲರ ಬಾಯಲ್ಲೂ ಚಿಗವ್ವ, ಟೆಂಪೋದಲ್ಲಿ ಜೊತೆಗೇ ಬಂದಿದ್ದರು. ಓಣಿಯ ಮನೆಗಳೆಲ್ಲ ಅವರ ಕಣ್ಣಿನ ಮೇಲೆ ಭಾರ ಹಾಕಿ ಹುಡುಗಿಯರನ್ನು ಕಳಿಸಿದ್ದವು.

“ಚಿಗವ್ವ ಬ್ಯಾಡ ಅಂದ್ರ ಮುಗೀತ್ರಿ ಅಕ್ಕಾರ,” ಎಂದು ಆ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. “ಇನ್ನ ಮದುವಿ ಆಗೂಮಟಾ ಸಮುದ್ರ ಇಲ್ಲ. ಆದ ಮ್ಯಾಲಂತೂ ಇಲ್ಲೇ ಇಲ್ಲ.”

ಉಬ್ಬರದ ನೀರು ತುಂಬಿ ನಿಂತಿರುವಾಗಲೇ ಪರೀಕ್ಷೆ ಮುಗಿಯಬೇಕಿತ್ತು. ಆದರೆ ಚಿಗವ್ವ ರೊಟ್ಟಿಯ ಗಂಟು ಬಿಚ್ಚಿದರು. ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರು. ಹುಡುಗಿಯರು ಸಾಲಾಗಿ ಕೂತರು. ನಾನು ಮಾಸ್ತರ ಹತ್ತಿರ ಹೋದೆ.

“ಸರ್, ಉಬ್ಬರ ಮುಗೀತು. ಇನ್ನ ನೀರು ಹೊರಗ ಜಗ್ಗತೈತಿ. ಈಗ ಹೋಗಬೇಕು, ಇಲ್ಲಾ ಇವತ್ತ ಬಿಡಬೇಕು.”

“ಉಣ್ಣೋರನ್ನ ಎಬ್ಬಸಬಾರದವಾ.”

“ಇದು ಯಾವ ಶಾಸ್ತ್ರದಾಗ ಐತ್ರಿ?”

“ನಮ್ಮವ್ವನ ಶಾಸ್ತ್ರದಾಗ.”

ಚಿಗವ್ವನಿಗೆ ಕೇಳಿಸಿತು. “ಯಾಕ ತಂಗಿ, ಸಮುದ್ರ ಎಲ್ಲಿಗೆ ಹೊಂಟೈತಿ? ನೀನೂ ಒಂದು ರೊಟ್ಟಿ ತಿನ್ನು. ಕಡ್ಡಿ ಆಗೀದಿ.”

“ಸಮುದ್ರ ಎಲ್ಲೂ ಹೋಗಂಗಿಲ್ರಿ. ನೀರು ಹೊಂಟೈತ್ರಿ,” ಎಂದೆ. ರೊಟ್ಟಿ ಕೈಗೆ ಬಂತು. ತಿಂದೆ. ನಮ್ಮ ಕಡೆ ಊಟದ ಮುಂದೆ ಯಾವ ವಾದವೂ ನಡೆಯುವುದಿಲ್ಲ.

ಊಟ ಮುಗಿದಾಗ ದಂಡೆಯ ಒದ್ದೆ ಗೆರೆ ಕೆಳಗೆ ಸರಿದಿತ್ತು. ಮಾಸ್ತರು ಅದನ್ನು ನೋಡಿದರು, ಹುಡುಗಿಯರ ಮುಖ ನೋಡಿದರು. “ಗಳದ ಹತ್ರ ಹೋಗಬ್ಯಾಡ್ರಿ, ಅದರ ಈಚೆಗೇ ತಿರಗ್ರಿ,” ಎಂದು ಹೇಳಿ ದೋಣಿ ಬಿಟ್ಟರು. ಆಪಾ ಮತ್ತು ನಾನು ಕಾವಲು ದೋಣಿಯಲ್ಲಿ ಗಳದ ಬಳಿ ಕಾಯುತ್ತಿದ್ದೆವು. ಅಷ್ಟರಲ್ಲಿ ಹಿಂದೆ, ಹೊಳೆಯ ಮೇಲ್ಭಾಗದಲ್ಲಿ, ಅಂದು ಬೇರೆ ಟೆಂಪೋದಲ್ಲಿ ಬಂದಿದ್ದ ಗುತ್ತಲದ ಹುಡುಗರ ದೋಣಿ ಕೆಸರಿಗೆ ಸಿಕ್ಕಿಕೊಂಡಿತು. ಹುಡುಗರು ಕೈ ಬೀಸಿ ಕೂಗತೊಡಗಿದರು, ಒಬ್ಬ ಕೆಸರಿಗೆ ಇಳಿಯಲು ಕಾಲು ಹೊರಗಿಟ್ಟ. “ಇಳದ್ನಂದ್ರ ಸೊಂಟದ ಮಟಾ ಹೋಗ್ತಾನ,” ಎಂದರು ಆಪಾ. ಹುಡುಗಿಯರು ಇನ್ನೂ ದಂಡೆಯ ಹತ್ತಿರವೇ ಇದ್ದರು. ಹೋಗಿ ಬರಲು ಹೊತ್ತಿದೆ ಅನ್ನಿಸಿತು. ಇಂಜಿನು ತಿರುಗಿಸಿದೆವು.

ಹುಡುಗರನ್ನು ಬೈದು ಕೂರಿಸಿ ತಲೆಯೆತ್ತಿದೆ. ಕರ್ಜಗಿಯ ದೋಣಿ ಗಳದ ಹತ್ತಿರ ಇರಲಿಲ್ಲ. ಗಳವನ್ನು ದಾಟಿತ್ತು.

ಹುಟ್ಟು ಹಾಕುವವರ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿರುತ್ತಾರೆ. ಬಿಟ್ಟು ಬಂದ ದಂಡೆ ಕಾಣುತ್ತದೆ, ಸೇರಬೇಕಾದ ಜಾಗ ಕಾಣುವುದಿಲ್ಲ. ನಮ್ಮ ದೋಣಿಗಳಿಗೆ ಚುಕ್ಕಾಣಿಯೂ ಇಲ್ಲ. ಆ ಹುಡುಗಿಯರ ಬೆನ್ನ ಹಿಂದೆ ಅಳಿವೆಯ ಬಾಯಿ ಇತ್ತು, ಬಿಳಿ ತೆರೆ ಇತ್ತು. ಅವರ ಕಣ್ಣ ಮುಂದೆ ಶೆಡ್ಡು, ಮಾಸ್ತರು, ಕೊಡೆ ಹಿಡಿದ ಚಿಗವ್ವ. ಅಷ್ಟು ಸಲೀಸಾಗಿ ದೋಣಿ ಎಂದೂ ಓಡಿರಲಿಲ್ಲ, ಆದ್ದರಿಂದ ಅವರು ಇನ್ನೂ ಹುರುಪಿನಿಂದ ಎಳೆಯುತ್ತಿದ್ದರು. ಓಡಿಸುತ್ತಿದ್ದದ್ದು ಇಳಿತದ ನೀರು ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಮಾಸ್ತರು ಸೀಟಿ ನಿಲ್ಲಿಸಿದ್ದರು. ಗಾಳಿಗೆ ಕೇಳಿಸುತ್ತಿಲ್ಲ ಅಂದುಕೊಂಡು ಹುಡುಗಿಯರು ತಾವೇ ತಾಳ ಎಣಿಸಿಕೊಳ್ಳುತ್ತಿದ್ದರು.

ಆಪಾ ಇಂಜಿನನ್ನು ಪೂರ್ತಿ ವೇಗಕ್ಕೆ ಬಿಟ್ಟರು. ಆದರೂ ನಾವು ದೂರವಿದ್ದೆವು. ದಂಡೆಯಲ್ಲಿ ಮಾಸ್ತರು ಮೈಕು ಎತ್ತಿ ಬಾಯಿಗೆ ಹಿಡಿದದ್ದು ಕಂಡಿತು.

“ಈಗ ಒದರ್ತಾರ,” ಎಂದರು ಆಪಾ.

“ಒದರಬಾರದು.”

“ಮತ್ತೇನ್ ಮಾಡ್ಬೇಕು?”

ಮಾಸ್ತರ ಬಾಯಲ್ಲಿ ಯಾವ ಪದ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ನಿಷೇಧದ ಠರಾವು ಮೆದುಳಿನಲ್ಲಿರುತ್ತದೆ, ಗಾಬರಿಯಲ್ಲಿ ಮಾತಾಡುವುದು ನಾಲಗೆ. ಮೈದಾನದಲ್ಲಿ ಸವೆದ ಆ ನಾಲಗೆ ಒಂದೇ ಮಾತು ಬಲ್ಲದು. ಕರ್ಜಗಿಯ ಹುಡುಗಿಯರು ಮೋಟೆಬೆನ್ನೂರಿನ ಹುಡುಗರಿಗಿಂತ ಶಿಸ್ತಿನವರು. ಆ ಅಡ್ಡ ತೆರೆಯಲ್ಲಿ ಎದ್ದು ನಿಂತರೆ ಎಲ್ಲರೂ ಒಟ್ಟಿಗೇ ಹೋಗುತ್ತಾರೆ, ಲೈಫ್ ಜಾಕೆಟ್ ಸಮೇತ ದಿಬ್ಬದ ತೆರೆಯೊಳಕ್ಕೆ.

ಮೈಕು ಬಾಯಿಯ ಹತ್ತಿರವೇ ಇತ್ತು. ಶಬ್ದ ಬರಲಿಲ್ಲ. ಕೆಟ್ಟಿದೆ ಅಂದುಕೊಂಡೆ. ಆಮೇಲೆ ಅವರು ಅದನ್ನು ಮರಳಿನ ಮೇಲೆ ಎಸೆದರು. ಎಸೆದು, ಕಡಲಿಗೆ ಮುಖ ಮಾಡಿ, ಇಸ್ತ್ರಿಯ ಬಿಳಿ ಪ್ಯಾಂಟಿನಲ್ಲೇ ಒದ್ದೆ ಮರಳಿನಲ್ಲಿ ಕಾಲು ಚಾಚಿ ಕೂತುಬಿಟ್ಟರು.

“ಯಾ ಅಲ್ಲಾ, ಮಾಸ್ತರು ಕುಸದ್ರು,” ಎಂದರು ಆಪಾ.

ಕುಸಿದಿರಲಿಲ್ಲ. ಎರಡೂ ಕೈ ಮುಂದೆ ಚಾಚಿ, ಇಲ್ಲದ ಹುಟ್ಟನ್ನು ಹಿಡಿದು, ನೀರಿಗೆ ಅದುಮಿ, ಮೈ ಬಿಗಿಹಿಡಿದು ಹಾಗೇ ಉಳಿದರು. ಮತ್ತೆ ಎತ್ತಿದರು, ಮತ್ತೆ ಅದುಮಿ ಹಿಡಿದರು. ಸಾವಿರ ಮಕ್ಕಳ ಮುಂದೆ ಕಸರತ್ತು ತೋರಿಸುವವರ ಹಾಗೆ, ದೊಡ್ಡದಾಗಿ, ನಿಧಾನವಾಗಿ.

ಹುಡುಗಿಯರ ಕಣ್ಣಿಗೆ ಬೇರೇನೂ ಇರಲಿಲ್ಲ, ಅವರೇ ಇದ್ದರು. ಮೊದಲು ಒಬ್ಬಳ ಹುಟ್ಟು ನೀರಿನಲ್ಲೇ ಉಳಿಯಿತು. ಪಕ್ಕದವಳದು ಅದಕ್ಕೆ ತಾಗಿ ನಿಂತಿತು. ಬೈದಾಡಿಕೊಂಡರು ಎಂದು ಕಾಣುತ್ತದೆ, ತಲೆಗಳು ತಿರುಗಿದವು. ಆಮೇಲೆ ಎಲ್ಲ ಹುಟ್ಟುಗಳೂ ನೀರಿನಲ್ಲಿ ಬಿಗಿಯಾದವು. ದೋಣಿ ನಿಲ್ಲಲಿಲ್ಲ, ಆದರೆ ಅದರ ಓಟ ಮುರಿಯಿತು. ಅಳಿವೆಯ ಬಾಯಿಯ ಕಡೆಗೆ ಅದು ಈಗ ಜಾರುತ್ತಿತ್ತು, ಅಷ್ಟೇ.

ಮಾಸ್ತರು ಬಲಗೈ ಅದುಮಿ ಇಟ್ಟುಕೊಂಡು ಎಡಗೈ ಒಂದರಿಂದಲೇ ಎಳೆಯತೊಡಗಿದರು. ದೋಣಿ ತಿರುಗಬೇಕಾದರೆ ಎಲ್ಲರೂ ಒಂದೇ ಬದಿ ಎಳೆಯಬೇಕು. ಎಡಕ್ಕೆ ಎಳೆದರೆ ಯಾರ ಎಡ? ಎದುರುಬದುರು ಕೂತವರಿಗೆ ಎಡಬಲ ಅದಲುಬದಲು. ಆದರೆ ಪಿ.ಟಿ. ಮಾಸ್ತರುಗಳು ಜೀವನವಿಡೀ ಕನ್ನಡಿಯ ಹಾಗೆ ಬದುಕಿದವರು. ಮಕ್ಕಳ ಎದುರು ನಿಂತು ‘ಬಲಗೈ ಮ್ಯಾಲೆ’ ಅನ್ನುವಾಗ ತಮ್ಮ ಎಡಗೈ ಎತ್ತುವವರು. ಹುಡುಗಿಯರು ಅವರ ಕೈ ನೋಡಿ ಅದೇ ಬದಿಯ ಹುಟ್ಟು ಎಳೆದರು. ದೋಣಿಯ ಮೂತಿ ನಿಧಾನವಾಗಿ ತಿರುಗತೊಡಗಿತು. ತಿರುಗುವಾಗ ಒಂದು ತೆರೆ ಅಡ್ಡ ಬಡಿದು ದೋಣಿ ವಾಲಿತು. ಒಬ್ಬಳು ಏಳಲು ಹೋದಳು. ಹಿಂದಿನವಳು ಅವಳ ಜಾಕೆಟ್ಟು ಹಿಡಿದು ಕೆಳಗೆ ಜಗ್ಗಿದಳು. ಅಷ್ಟರಲ್ಲಿ ನಾವು ತಲುಪಿದೆವು, ನಾನು ಹಗ್ಗ ಎಸೆದೆ, ಅದು ಅವರ ಕೈಗೆ ಸಿಕ್ಕಿತು.

ಎಳೆದು ತರುವಾಗ ಒಬ್ಬಳು ಹಿಂದೆ ತಿರುಗಿ ಬಿಳಿ ತೆರೆಯನ್ನು ಮೊದಲ ಸಲ ನೋಡಿದಳು. ಆಮೇಲೆ ನೋಡಲಿಲ್ಲ.

ದಂಡೆಯಲ್ಲಿ ಚಿಗವ್ವ ಹುಡುಗಿಯರ ಕೈ, ತಲೆ, ಬೆನ್ನು ಮುಟ್ಟಿ ನೋಡಿದರು. ನೋಡಿ ಮಾಸ್ತರ ಕಡೆ ತಿರುಗಿದರು. ಅವರು ಇನ್ನೂ ಎದ್ದಿರಲಿಲ್ಲ.

“ಏನ್ರಿ ಮಾಸ್ತರ, ಎದಿ ಹಿಡೀತೇನ ಅಂತ ಮಾಡಿದ್ನಿ. ನಮ್ಮ ಹುಡುಗ್ಯಾರನ್ನ ನೋಡ್ಲೋ, ನಿಮ್ಮನ್ನ ನೋಡ್ಲೋ.”

“ಎದಿ ಛಲೋ ಐತ್ರಿ ಯಕ್ಕಾ. ಬಾಯಿ ಸರಿ ಇಲ್ಲ.”

“ಬಾಯಿಗೇನಾಗೇತಿ?”

ಮಾಸ್ತರು ನನ್ನನ್ನು ತೋರಿಸಿದರು. “ನಮ್ಮ ವಿರೋಧ ಪಕ್ಷ ಹೇಳ್ತೈತಿ, ಕೇಳ್ರಿ.”

ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ಆ ನೋಟದ ಅರ್ಥ ಸ್ಪಷ್ಟವಿತ್ತು: ಗಾಳಿ ಜೋರಿತ್ತು ಅನ್ನು, ಮೈಕು ಕೆಟ್ಟಿತ್ತು ಅನ್ನು, ಏನಾದರೂ ಅನ್ನು. ಎರಡೂ ಪಕ್ಷದಲ್ಲಿ ನಿಂತು ಮಾತಾಡಲು ಕಲಿತವಳು ನಾನು, ಸುಳ್ಳು ಕಟ್ಟುವುದು ಕಷ್ಟವಿರಲಿಲ್ಲ. ಆದರೆ ಕೇಳುತ್ತಿದ್ದವರು ತೀರ್ಪುಗಾರರಲ್ಲ, ಆ ಮಕ್ಕಳನ್ನು ಮನೆಗೆ ಮುಟ್ಟಿಸಬೇಕಾದವರು. ಇದ್ದದ್ದನ್ನೆಲ್ಲ ಹೇಳಿದೆ. ಮೋಟೆಬೆನ್ನೂರಿನ ದೋಣಿ, ಅಟ್ಟದ ಸಭೆ, ನಿಷೇಧ, ದಸರೆ, ದೀಪಾವಳಿ.

ಚಿಗವ್ವ ಕೊಡೆ ಮಡಚಿದರು. “ಅಂದ್ರ ದೋಣಿ ನಿಲ್ಲಸೂದಕ್ಕ ನಿಮ್ಮ ಹಂತೇಲೆ ಮಾತ ಇಲ್ಲ.”

“ಇಲ್ರಿ.”

“ಹಂಗಾದ್ರ ಹುಡುಕ್ರಿ. ಸಿಕ್ಕ ಮ್ಯಾಲ ಹೇಳಿ ಕಳಸ್ರಿ. ಅಲ್ಲೀಮಟಾ ನಮ್ಮ ಹುಡುಗ್ಯಾರು ಬರಂಗಿಲ್ಲ.”

ಟೆಂಪೋದಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. “ಅಕ್ಕಾರ, ಒಂದು ಸುಳ್ಳು ಹೇಳಾಕ ನಿಮಗೇನ್ ಧಾಡಿ ಆಗಿತ್ರಿ?” ಎಂದಳು ಚಿಗವ್ವನ ಹುಡುಗಿ, ಹಿಂದಿನ ಸೀಟಿನಿಂದ. ಘಟ್ಟದ ತಿರುವುಗಳು ಶುರುವಾದ ಮೇಲೆ ಸಿಟ್ಟು ಇಳಿದು ಅವರೇ ಪದ ಹುಡುಕತೊಡಗಿದರು. ಒಬ್ಬಳು ಕೂಗುವುದು, ಉಳಿದವರು ಸೀಟಿನಲ್ಲೇ ಹುಟ್ಟು ಹಾಕುತ್ತ ಅದನ್ನು ಪರೀಕ್ಷಿಸುವುದು. ‘ಸಾಕ್ರಿ’ಗೆ ಯಾರೂ ಬಗ್ಗಲಿಲ್ಲ. ‘ತಡೀರಿ’ಗೆ ಅರ್ಧ ಜನ ನಿಲ್ಲಿಸಿದರು, ಅರ್ಧ ಜನ ‘ಯಾಕ’ ಅಂದರು. ‘ಹೋ ಹೋ’ಗೆ ಯಾರೋ ‘ಅಂಬಾ’ ಅಂದು ಇಡೀ ಟೆಂಪೋ ನಗತೊಡಗಿತು. ಮಾಸ್ತರು ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. ಚಿಗವ್ವನಿಗೆ ತಿರುವು ಆಗಿಬರುವುದಿಲ್ಲ. ಮೂಗಿಗೆ ಲಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿದ್ದರು. ಗದ್ದಲ ಮಿತಿ ಮೀರಿದಾಗ ಕಣ್ಣು ತೆರೆಯದೆಯೇ ಗದರಿದರು:

“ಸುಮ್ಮ ಕುಂದರ್ರಿ.”

ಎಲ್ಲ ಕೈಗಳೂ ಇದ್ದಲ್ಲೇ ನಿಂತವು. ಚಾಚಿದ್ದವು ಚಾಚಿದ ಹಾಗೆ, ಎದೆಗೆ ಎಳೆದಿದ್ದವು ಎಳೆದ ಹಾಗೆ. ಒಬ್ಬರೂ ಏಳಲಿಲ್ಲ.

ಮಾಸ್ತರು ಹಣೆ ಎತ್ತಿ ನಿಧಾನವಾಗಿ ಹಿಂದಕ್ಕೆ ತಿರುಗಿದರು. “ಯಕ್ಕಾ, ಇನ್ನೊಮ್ಮೆ ಅನ್ರಿ.”

“ಏನ್ ಅನ್ಲಿ?”

“ಈಗ ಅಂದ್ರೆಲ್ಲ, ಅದನ್ನ.”

“ಬೈದೇನ್ರಿ. ಬೈಗಳಾ ಕೇಳಿದಾಗೆಲ್ಲ ಬರ್ತಾವೇನು?”

“ವಿರೋಧ ಪಕ್ಷ ಏನಂತೈತಿ?” ಎಂದರು ನನಗೆ.

ತೂತು ಹುಡುಕಿದೆ. ಕೂತವರಿಗೆ ಕೂರು ಅನ್ನುವುದು ತರ್ಕಕ್ಕೆ ನಿಲ್ಲುವುದಿಲ್ಲ. ಗಾಳಿಯಲ್ಲಿ ‘ಸುಮ್ಮ’ ಹಾರಿಹೋಗುತ್ತದೆ. ಹೋಗಲಿ, ‘ಕುಂದರ್ರಿ’ ಉಳಿಯುತ್ತದೆ. ಅದನ್ನು ತಪ್ಪಾಗಿ ತಿಳಿದವರು ಏನು ಮಾಡಿಯಾರು? ಕೂರುತ್ತಾರೆ. ಎದ್ದವರೂ ಕೂರುತ್ತಾರೆ. ಎರಡೂ ಅರ್ಥದಲ್ಲಿ ಪ್ರಾಣ ಉಳಿಯುತ್ತದೆ.

“ನೀರಿನ ಮ್ಯಾಲ ನೋಡಬೇಕ್ರಿ,” ಎಂದೆ. “ಅದಕ್ಕಿಂತ ಮೊದಲ ನಿಮ್ಮ ಬಾಯಾಗ ಬರತೈತೋ ಇಲ್ಲೋ ನೋಡಬೇಕು. ಇವತ್ತ ಬಾಯಾಗ ಏನ್ ಬಂದಿತ್ರಿ ಸರ್?”

“ಅದ ಬಂದಿತ್ತು. ಹಲ್ಲಾಗ ಹಿಡದ್ನಿ.”

ಶಿರಸಿಯಿಂದ ಹಾನಗಲ್ಲಿನವರೆಗೂ ಅವರು ತಮ್ಮಷ್ಟಕ್ಕೆ ಗೊಣಗುತ್ತಿದ್ದರು: ಕುಂದರ್ರಿ, ಕುಂದರ್ರಿ. “ಕುಂತೇನಲ್ರಿ ಮಾಸ್ತರ, ಇನ್ನೆಷ್ಟ ಕುಂದರ್ಲಿ?” ಎಂದರು ಚಿಗವ್ವ ಒಮ್ಮೆ.

ಕರ್ಜಗಿಯಲ್ಲಿ ಇಳಿಯುವಾಗ ಹುಡುಗಿಯರು ಚಿಗವ್ವನ ಸುತ್ತ ನಿಂತರು, ಏನೂ ಕೇಳದೆ. ಚಿಗವ್ವ ಮಾಸ್ತರ ಕಿಟಕಿಯ ಹತ್ತಿರ ಬಂದರು.

“ರೂಢಿ ಮಾಡ್ಕೋರಿ. ಬ್ಯಾಡಗಿಗೆ ಮೆಣಸಿನಕಾಯಿ ತರಾಕ ಬರ್ತೇನಿ, ಆವಾಗ ನಿಮ್ಮ ಹಿಂದ ಬಂದು ಒಮ್ಮಿಗೇ ಹೆದರಸ್ತೇನಿ. ಬಾಯಾಗ ಯಾವುದು ಬರತೈತಿ ನೋಡಿ, ಆಮ್ಯಾಲ ಬ್ಯಾಸಿಗಿ ಮಾತು.”

ಟೆಂಪೋ ಹೊರಟಿತು. ಹತ್ತು ಮಾರು ಹೋಗಿರಲಿಲ್ಲ, ಸೀಟಿನ ಕೆಳಗೆ ರೊಟ್ಟಿಯ ಖಾಲಿ ಡಬ್ಬಿ ಉರುಳಿ ಮಾಸ್ತರ ಕಾಲಿಗೆ ಬಡಿಯಿತು. ಅವರು ಡಬ್ಬಿ ಎತ್ತಿ ಹಿಡಿದು ಡ್ರೈವರನಿಗೆ ಕೂಗಿದರು:

“ಏ, ನಿಂದರ್ರೀ.”

ಟೆಂಪೋ ನಿಂತಿತು. ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರಸ್ತೆಯ ಮೇಲೆ ಹುಡುಗಿಯರು ತಲೆಗೆ ಕೈ ಇಟ್ಟುಕೊಂಡದ್ದು ಕಾಣುತ್ತಿತ್ತು. ಚಿಗವ್ವ ಓಡದೆ, ಅವಸರ ಮಾಡದೆ ನಡೆದುಬಂದು, ಕಿಟಕಿಯಿಂದ ಡಬ್ಬಿ ಇಸಿದುಕೊಂಡರು.

“ನೆಲದ ಮ್ಯಾಲ ನಡೀತೈತ್ರಿ ಮಾಸ್ತರ,” ಎಂದರು. “ಇದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ.”